ಹ್ಯಾಂಡಲ್ ಬಿಟ್ಟಾಂವ ಯಾರು?

ಕಾಸಿಮಸಾಬ: ಹ್ಯಾಂಡಲ್ ಬಿಟ್ಟಾಂವ ನೀನ. ಮೂವತ್ತೊಂದ ವರ್ಷದಿಂದ ಹೇಳಾಕತ್ತೇನಿ, ಹ್ಯಾಂಡಲ್ ಬಿಟ್ಟಾಂವ ನೀನ ಭರಮ್ಯಾ.

ಭರಮಣ್ಣ: ಮೊದಲ ಬಟನ್ ಬಿಟ್ಟಾಂವ ನೀನು. ಗುಂಡ ಬರೂದ ನಿಂತು, ಯಾಕಪಾ ಅಂತ ಬಾಜು ನೋಡಿದ್ನಿ. ನಿನ್ನ ಜಾಗಾ ಖಾಲಿ.

ಕಾಸಿಮಸಾಬ: ಖಾಲಿ? ನಾ ಬಟನ್ ಒತ್ತಕೋತ ಹುಲಿಯಂಗ ನಿಂತಿದ್ನಿ. ಹ್ಯಾಂಡಲ್ ಹಿಡಿಯಾವ್ರ ಇಲ್ಲದ ಕೆಂಪ ಚಡ್ಡಿ ಒಂದ ಗ್ವಾಡಿಗೆ ಗುಂಡ ಹೊಡಕೋತ ನಿಂತ. ಗ್ವಾಡಿ ಏನ ಸಾಯತೈತೇನು?

ಬೆಳಗಾವಿಯ ಆಟೋ ನಗರದಲ್ಲಿ ಭರಮಣ್ಣನ ಲೇತ್ ವರ್ಕ್‌ಶಾಪು. ಮಧ್ಯಾಹ್ನದ ಊಟದ ಬಿಡುವು. ಸರಳಿಲ್ಲದ ಕಿಟಕಿಯ ಕೆಳಗಿನ ಬೆಂಚಿನ ಮೇಲೆ, ನಲವತ್ತು ದಾಟಿದ ಇಬ್ಬರು ಗೃಹಸ್ಥರು ಕೆನ್ನೆಗೆ ಕೆನ್ನೆ ಹಚ್ಚಿ ಒಂದೇ ಮೊಬೈಲು ಹಿಡಿದು ಕುಳಿತಿದ್ದಾರೆ. ಎಡ ತುದಿ ಭರಮಣ್ಣನ ಕೈಯಲ್ಲಿ, ಬಲ ತುದಿ ಪಕ್ಕದಲ್ಲಿ ಲಾರಿಗಳ ಸ್ಪ್ರಿಂಗ್ ಪಾಟಾ ಕೂಡಿಸುವ ಅಂಗಡಿಯ ಕಾಸಿಮಸಾಬನ ಕೈಯಲ್ಲಿ.

ನೋಡಿದವರು ನಗುತ್ತಾರೆ, ಆದರೆ ಇದು ಸಂಪ್ರದಾಯ. ಇಬ್ಬರೂ ಖಾನಾಪುರದಲ್ಲಿ ಏಳನೇ ತರಗತಿ ಓದುವಾಗ ಬಸ್ ಸ್ಟ್ಯಾಂಡಿನ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ಆಟಕ್ಕೆ ಒಂದು ರೂಪಾಯಿ. ಇವರ ಹತ್ತಿರ ಇರುತ್ತಿದ್ದದ್ದು ತಲಾ ಎಂಟಾಣೆ. ಹಾಗಾಗಿ ಹ್ಯಾಂಡಲ್ ಒಬ್ಬನದು, ಬಟನ್ ಇನ್ನೊಬ್ಬನದು. ಆಟದ ಹೆಸರು ಜಪಾನಿ ಲಿಪಿಯಲ್ಲಿತ್ತು, ಊರಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ನಾಯಕ ಕೆಂಪು ಚಡ್ಡಿ ಹಾಕಿದ್ದರಿಂದ ಆಟಕ್ಕೂ ಕೆಂಪು ಚಡ್ಡಿ ಎಂದೇ ಹೆಸರಾಯಿತು. ಕಟ್ಟಕಡೆಗೆ ಬರುವ ಮೀಸೆಯ ರಾಕ್ಷಸನಿಗೆ ಹುಡುಗರು ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. ಭರಮಣ್ಣನ ಸ್ವಂತ ದೊಡ್ಡಪ್ಪ, ಲೋಂಡಾ ಸ್ಟೇಷನ್ನಿನಲ್ಲಿ ಸಿಗ್ನಲ್ಲಿನ ಲಿವರು ಜಗ್ಗುತ್ತಿದ್ದ ಲಕ್ಷ್ಮಪ್ಪನವರ ಮೀಸೆ ಥೇಟು ಹಾಗೇ ಇತ್ತು.

ಒಂದು ದಿನ ಆಟದ ದೊಡ್ಡಪ್ಪ ಇನ್ನೊಂದೇ ಗುಂಡಿಗೆ ಸಾಯುವವನಿದ್ದ. ಅಷ್ಟರಲ್ಲಿ ನಿಜವಾದ ದೊಡ್ಡಪ್ಪ ಕೈಯಲ್ಲಿ ಚಪ್ಪಲಿ ಹಿಡಿದು ಬಾಗಿಲಿಗೆ ಬಂದರು. ಆಗ ಹೆದರಿ ಮೊದಲು ಕೈಬಿಟ್ಟವನು ಯಾರು? ಅದೇ ಈ ಖಟ್ಲೆ.

ಭರಮಣ್ಣ: ಮಾತ ಸಾಕು. ಇವತ್ತ ಯಾರ ಕೈ ಮೊದಲ ಬಿಡತೈತಿ, ಅವತ್ತೂ ಬಿಟ್ಟಾಂವ ಅವನ. ಚಾದಂಗಡಿ ಮುಂದ ನಿಂತು ಎಲ್ಲಾರ ಎದರ ತಪ್ಪ ಒಪ್ಪಕೋಬೇಕು. ಕಬೂಲ?

ಕಾಸಿಮಸಾಬ: ಕಬೂಲ. ನಡಿ, ಹಳೇ ಆಟ ಆಡಸೂ ಎಮ್ಯುಲೇಟರ್ ಚಾಲೂ ಮಾಡು.

ಭರಮಣ್ಣ: ಮಾಡೇನಿ. ಆಗಿನ ಆಳೆತ್ತರದ ಡಬ್ಬಿ ಈಗ ಇಷ್ಟರಾಗ ಕುಂತೈತಿ ನೋಡು. ಕಾಯಿನ್ ಒತ್ತು.

ಕಾಸಿಮಸಾಬ: ಪುಕ್ಕಟೆ ಕಾಯಿನ್ನು! ಒತ್ತಿದಷ್ಟ ಬರತಾವು. ಅವತ್ತ ಇದು ಇದ್ದಿದ್ರ?

ಭರಮಣ್ಣ: ಅವತ್ತ ಇದ್ದಿದ್ರ ಇಬ್ಬರೂ ಇನ್ನಾ ಏಳನೇತ್ತಾದಾಗ ಇರತಿದ್ವಿ. ಹೂಂ, ದೊಡ್ಡಪ್ಪನ ಬಾಗಲಕ್ಕ ಸೇವ್ ಮಾಡಿದ್ದ ಐತಿ, ಅಲ್ಲಿಂದ ಶುರು ಮಾಡೂಣು.

ಕಾಸಿಮಸಾಬ: ಹಾರು! ಹಾರಲೇ! ಸತ್ತ.

ಭರಮಣ್ಣ: ಹಾರೂ ಬಟನ್ ನಿನ್ನ ಕಡೆ ಐತಿ ಮಾರಾಯಾ!

ಕಾಸಿಮಸಾಬ: ಒತ್ತಿದ್ನಿ. ನಿನ್ನ ಗ್ರೀಸ್ ಕೈಗೆ ಸ್ಕ್ರೀನ್ ಜಾರತೈತಿ. ವೈನಿ ಮೊಬೈಲ್ ದೋಸಿ ಹಂಚ ಆಗೇತಿ.

ಹೌದು, ಮೊಬೈಲು ಭರಮಣ್ಣನ ಹೆಂಡತಿ ಪ್ರಮಿಳಾಳದು. ಇವನದರಲ್ಲಿ ಆಟ ಓಡುವುದಿಲ್ಲ. ಬ್ಯಾಂಕಿನ ಕೆಲಸವಿದೆ ಎಂದು ಮೂರು ತಿಂಗಳಿಂದ ದಿನಾ ಒಯ್ಯುತ್ತಿದ್ದ. ಬ್ಯಾಂಕಿನ ಕೆಲಸ ಇಷ್ಟು ದಿನ ಯಾಕೆ ಎಂದು ನೋಡಲು ಆಕೆ ಇವತ್ತು ಖುದ್ದಾಗಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

ಪ್ರಮಿಳಾ: ಓಹೋ! ಬ್ಯಾಂಕ್ ಮ್ಯಾನೇಜರ್‌ಗೆ ಕೆಂಪ ಚಡ್ಡಿ ಯಾರ ಹಾಕಿದ್ರೀ?

ಕಾಸಿಮಸಾಬ: ಬರ್ರಿ ವೈನಿ, ಕುಂದರ್ರಿ. ಎರಡ ಮಿನಿಟು.

ಪ್ರಮಿಳಾ: ಕುಂದರೂದಿಲ್ಲ. ನಾಕ ಗಂಟೇಕ್ಕ ಇದನ್ನ ಕೊಟ್ಟು ಹೊಸಾದ ತರೂದೈತಿ. ಎಕ್ಸ್‌ಚೇಂಜ್ ಆಫರ್ ಇವತ್ತಿಗೆ ಮುಗೀತೈತಿ. ಕೊಡ್ರಿ ಇತ್ತ.

ಭರಮಣ್ಣ: ಏ ಪ್ರಮಿಳಾ, ಇದನ್ನ ಕೊಟ್ರ ನಮ್ಮ ಸೇವ್ ಹೋಗತೈತಿ! ಮೂರ ತಿಂಗಳ ದುಡಿಮಿ!

ಪ್ರಮಿಳಾ: ಯಾವ ದುಡಿಮಿ? ಖಾನಾಪುರದಿಂದ ದೊಡ್ಡ ಮಾವಾರು ಗಿರಣಿ ಶಾಫ್ಟ್ ಕಳಿಸಿ ಹದಿನೈದ ದಿನಾ ಆತು. ಅದು ಅಲ್ಲೇ ಮೂಲ್ಯಾಗ ಮಲಗೇತಿ.

ಕಾಸಿಮಸಾಬ: ವೈನಿ, ಇದು ಆಟ ಅಲ್ರಿ. ಇಜ್ಜತ್ತಿನ ಸವಾಲು. ನಿಮ್ಮ ಗಂಡ ಹೆದರಪುಕ್ಕ ಹೌದೋ ಅಲ್ಲೋ ಇವತ್ತ ಗೊತ್ತಾಗತೈತಿ.

ಪ್ರಮಿಳಾ: ಅದಕ್ಕ ಮೊಬೈಲ್ ಯಾಕ ಬೇಕ್ರೀ ಅಣ್ಣಾರ? ನನ್ನ ಕೇಳಿದ್ರ ಹೇಳತಿದ್ನಿ.

ಭರಮಣ್ಣ: ಕೇಳ ಇಲ್ಲೆ. ನಾವ ಗೆದ್ದಿದ್ರ ಆ ಡಬ್ಬಿಯೊಳಗ ನಮ್ಮ ಹೆಸರ ಮ್ಯಾಲ ಇರತಿತ್ತು. ಮರುದಿನಾ ಹೋಗಿ ನೋಡಿದ್ರ ಯಾರೋ ‘ಎ ಎ ಎ’ ಅಂತ ಮೂರಕ್ಷರ ಬರದು ಮ್ಯಾಲ ಕುಂತಿದ್ದ. ಅಂಗಡಿ ಮುಚ್ಚೂ ತನಕ ಅವನ್ನ ಯಾರೂ ಇಳಸಲಿಲ್ಲ.

ಕಾಸಿಮಸಾಬ: ಎ ಅಂದ್ರ ಹಲಸಿ ಊರ ಅನಿಕೇತ ಇರಬೇಕಂತ ಅಲ್ಲಿ ತನಕ ಸೈಕಲ್ ಹೊಡದ್ವಿ. ಕಲಸಿಕೊಡು ಗುರುವೇ ಅಂತ ಒಂದ ಚೀಲ ಪೇರಲಹಣ್ಣ ಕೊಟ್ವಿ. ಎಲ್ಲಾ ತಿಂದ, ಕೈ ಒರಸಕೊಂಡ, ‘ನಾನಲ್ಲ’ ಅಂದ.

ಪ್ರಮಿಳಾ: ಶಾಣ್ಯಾ ಹುಡುಗ. ಹಂಗಾರ ಐದ ಮಿನಿಟ ಕೊಟ್ಟೇನಿ. ನಿಮ್ಮ ನ್ಯಾಯ ನಾನ ನೋಡತೇನಿ.

ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಇಬ್ಬರೂ ಹೆಬ್ಬೆರಳು ಒರಸಿಕೊಂಡರು. ಕೆಂಪು ಚಡ್ಡಿ ಬೆಂಕಿ ದಾಟಿದ, ಹಳ್ಳ ಹಾರಿದ, ಏಣಿ ಹತ್ತಿದ. ಮೀಸೆ ತಿರುವುತ್ತ ರಾಕ್ಷಸ ಬಂದ.

ಭರಮಣ್ಣ: ಹೊಡಿ! ದೊಡ್ಡಪ್ಪನ ಮೀಸಿಗೇ ಹೊಡಿ!

ಕಾಸಿಮಸಾಬ: ಹಿಂದ ಸರಿ! ಈಗ ಮುಂದ! ತಗೋ ದೊಡ್ಡಪ್ಪ! ಇದು ಸಾಲಿಗೆ ಎಳಕೊಂಡ ಹೋಗಿದ್ದಕ್ಕ! ಇದು ಕಿವಿ ತಿರುವಿದ್ದಕ್ಕ!

ಭರಮಣ್ಣ: ಇನ್ನ ಒಂದ! ಒಂದ ಗುಂಡು! ಇಲ್ಲೇ ಸೇವ್ ಮಾಡಲೇ!

ಕಾಸಿಮಸಾಬ: ಮಾಡಿದ್ನಿ! ಈಗ ಹೊ... ಲೇ, ಮೀಸಿ ದೊಡ್ಡದಾತಲೇ!

ಆಟ ಮಾಯವಾಗಿ ಸ್ಕ್ರೀನಿನ ತುಂಬ ಒಂದು ಮೀಸೆ ನಿಂತಿತು. ಮೀಸೆಯ ಮೇಲೆ ಮೂಗು, ಮೂಗಿನ ಮೇಲೆ ಕನ್ನಡಕ, ಅದರ ಮೇಲೆ ‘ದೊಡ್ಡ ಮಾವಾರು’ ಎಂಬ ಹೆಸರು. ಕಾಸಿಮಸಾಬನ ಹೆಬ್ಬೆರಳು ಬಂದ ವೇಗದಲ್ಲೇ ಒತ್ತಿಬಿಟ್ಟಿತು.

ಭರಮಣ್ಣ: ಮಾಡಿದೆಪಾ! ಖರೇ ದೊಡ್ಡಪ್ಪನ ಫೋನ್ ಕಟ್ ಮಾಡಿದಿ!

ಕಾಸಿಮಸಾಬ: ನಾ ಗುಂಡ ಹೊಡದ್ನಿ!

ಭರಮಣ್ಣ: ಎಂಬತ್ನಾಕ ವರ್ಷದ ಮನಶಾಗ ಗುಂಡ ಹೊಡೀತಿಯೇನ?

ಮತ್ತೆ ಫೋನು ಬಂತು. ಮೊಬೈಲನ್ನು ಬೆಂಚಿನ ಮೇಲೆ ಬಿಟ್ಟು ಇಬ್ಬರೂ ಒಟ್ಟಿಗೆ ಎದ್ದು ನಿಂತು ಕೈಕಟ್ಟಿಕೊಂಡರು. ಪ್ರಮಿಳಾ ಎತ್ತಿಕೊಂಡು ಸ್ಪೀಕರಿಗೆ ಹಾಕಿದಳು.

ಲಕ್ಷ್ಮಪ್ಪ: ಏನವಾ ಪ್ರಮಿಳಾ, ನನ್ನ ಫೋನ್ ಕಟ್ ಮಾಡುವಷ್ಟ ಕೆಲಸೇನ? ಅಂವ ಅಂತೂ ಎತ್ತೂದ ಇಲ್ಲ. ಶಾಫ್ಟ್ ಆತಂತೇನು?

ಪ್ರಮಿಳಾ: ಎಲ್ಲೀದ್ರೀ ಮಾವಾರ. ಇವರೂ ಕಾಸಿಮಣ್ಣಾರೂ ಕೂಡಿ ಆಟ ಆಡಾಕತ್ತಾರು. ಸಾಲಿಯಾಗಿದ್ದಾಗ ನೀವ ಚಪ್ಪಲ ಹಿಡಕೊಂಡ ಹೋಗಿದ್ರೆಲಾ, ಅದ ಆಟ. ಅವತ್ತ ಮೊದಲ ಓಡಿದಾಂವ ಯಾರಂತ ಜಗಳಾ. ನೀವ ಹೇಳಿಬಿಡ್ರಿ.

ಲಕ್ಷ್ಮಪ್ಪ: ಮೊದಲ ಓಡಿದಾಂವ ಅಂಗಡಿ ಮಾಲಕ.

ಕಾಸಿಮಸಾಬ: ಆಮ್ಯಾಲ್ರೀ ದೊಡ್ಡಪ್ಪಾರ? ಆಮ್ಯಾಲ ಭರಮಣ್ಣ, ಹೌದಲ್ರೀ?

ಲಕ್ಷ್ಮಪ್ಪ: ಆಮ್ಯಾಲ ಇಬ್ಬರೂ ಕೂಡೇ. ಭರಮ ಬಾಗಲದಾಗಿಂದ ನನ್ನ ಕಾಲ ಸಂದಿ ನುಸದ, ನೀ ಕಿಡಕ್ಯಾಗಿಂದ ಗಟಾರದಾಗ ಬಿದ್ದಿ. ಡಬ್ಬಿ ಒಂದ ಒದರಾಕತ್ತಿತ್ತು. ರೂಪಾಯಿ ಹಾಕಿದ್ದ ಹಾಳಾಗಬಾರದಂತ ನಾನ ಹ್ಯಾಂಡಲ್ ಹಿಡದ್ನಿ.

ಭರಮಣ್ಣ: ನೀವ? ಆಟ ಆಡಿದ್ರಿ?

ಲಕ್ಷ್ಮಪ್ಪ: ಯಾಕ, ಲೋಂಡಾದಾಗ ಗೋವಾ ಗಾಡಿ ಗೋವಾಕ್ಕ, ಹುಬ್ಬಳ್ಳಿ ಗಾಡಿ ಹುಬ್ಬಳ್ಳಿಗೆ ಕಳಿಸಿದ ಕೈಗೆ ಅದೇನ ದೊಡ್ಡ ಹ್ಯಾಂಡಲ್ ಐತೇನು? ಎಡಕ್ಕೊಮ್ಮಿ ಬಲಕ್ಕೊಮ್ಮಿ ಜಗ್ಗಿದ್ನಿ, ಬಟನ್ ಕುಟ್ಟಿದ್ನಿ. ಅಂವ ಸತ್ತ. ಹೂವಿನ ಮಳಿ ಬಂತು. ಆಮ್ಯಾಲ ಹೆಸರ ಬರಿ ಅಂತು. ನನಗೆಲ್ಲಿ ಇಂಗ್ಲೀಷ? ಸುಮ್ಮ ಮೂರ ಸಲ ಬಟನ್ ಒತ್ತಿ ಮನಿಗೆ ಬಂದ್ನಿ.

ಕಾಸಿಮಸಾಬ ಮೆಲ್ಲಗೆ ಬೆಂಚಿನ ಮೇಲೆ ಕುಸಿದ.

ಕಾಸಿಮಸಾಬ: ಭರಮ್ಯಾ, ಏನೂ ಆರಿಸಲಾರದ ಸುಮ್ಮ ಒತ್ತಿದ್ರ... ಎ.

ಭರಮಣ್ಣ: ಮೂರ ಸಲ.

ಕಾಸಿಮಸಾಬ: ಒಂದ ಚೀಲ ಪೇರಲಹಣ್ಣಲೇ!

ಭರಮಣ್ಣನ ಕಣ್ಣಲ್ಲಿ ನೀರು ಬಂದಿತ್ತು. ಯಾರಿಗೆ ಹೆದರಿ ಓಡಿದ್ದನೋ, ಮೂವತ್ತೊಂದು ವರ್ಷ ಯಾರನ್ನು ಗುರುವೆಂದು ಹುಡುಕಿದ್ದನೋ, ಆ ಇಬ್ಬರೂ ಒಬ್ಬರೇ, ಅವನ ಮನೆಯಲ್ಲೇ ಕುಳಿತು ರವೆಯ ಸಜ್ಜಕ ತಿನ್ನುತ್ತಿದ್ದರು.

ಭರಮಣ್ಣ: ದೊಡ್ಡಪ್ಪಾ, ಒಂದ ಮಾತ ಹೇಳಬಾರದ?

ಲಕ್ಷ್ಮಪ್ಪ: ಹೇಳಿ? ಚಪ್ಪಲ ಹಿಡಕೊಂಡ ಹ್ವಾದಾಂವ ಆಟ ಆಡಿ ಬಂದೇನಂದ್ರ ನೀವ ನನಗ ಹೆದರತಿದ್ರೇನು? ಅದಿರಲಿ. ಆ ಮೀಸಿ ರಾಕ್ಷಸನ್ನ ಎಲ್ಲ್ಯೋ ನೋಡಿದಂಗ ಅನಿಸಿತ್ತು ನೋಡು. ಹುಡುಗ್ರು ಅವಗೇನ ಹೆಸರಿಟ್ಟಿದ್ರಿ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪ್ರಮಿಳಾ ಕಣ್ಣು ಮಿಟುಕಿಸುವುದರೊಳಗೆ ಭರಮಣ್ಣ ಬಾಗಿಲಿನಿಂದ ಹೊರಗಿದ್ದ, ಕಾಸಿಮಸಾಬ ಕಿಟಕಿಯಿಂದ.

ಲಕ್ಷ್ಮಪ್ಪ: ಏನವಾ ಅದು ಸಪ್ಪಳ?

ಪ್ರಮಿಳಾ: ಏನಿಲ್ರಿ ಮಾವಾರ, ಇಬ್ಬರೂ ಕೂಡೇ ಓಡಿದ್ರು. ಕಣ್ಣಾರೆ ನೋಡಿದ್ನಿ, ನ್ಯಾಯ ಮುಗೀತು. ನಾಕ ಗಂಟೇಕ್ಕ ಈ ಮೊಬೈಲ್ ಕೊಟ್ಟು ಹೊಸಾದ ತರೂದಿತ್ತು.

ಲಕ್ಷ್ಮಪ್ಪ: ಮತ್ತ ನೀ ಈಗ ಮೊಬೈಲ್ ಬದಲಿ ಮಾಡಾಕ ಹೊಂಟಿ?

ಪ್ರಮಿಳಾ: ಎಕ್ಸ್‌ಚೇಂಜ್ ಹೋದ್ರ ಹೋಗಲ್ರಿ. ಇಲ್ಲೆ ಒಂದ ಗುಂಡ ಉಳದಿದ್ದು ಸೇವ್ ಐತಿ. ಹೇಳ್ರಿ, ಹ್ಯಾಂಡಲ್ ಮೊದಲ ಯಾವ ಕಡೆ ಜಗ್ಗಲಿ?