ಮಾಲಕರ ಸಹಿ

ಗುರಲಿಂಗಪ್ಪ: ಸಹಿ ಮಾಡು ಅಂದ್ರ ಮಾಡಬೇಕು. ಯಾಕ, ಏನು, ಎತ್ತ ಅಂತ ಕೇಳಬಾರದು!

ಸಾವಂತ್ರವ್ವ: ನಾ ಎಲ್ಲಿ ಒಲ್ಲೆ ಅಂದೆ? ಪೆನ್ನ ಕೊಡ್ರಿ ಅಂದೆ.

ಗುರಲಿಂಗಪ್ಪ: ಪೆನ್ನ ಬ್ಯಾಡ. ಇಕಾ, ಇದ ಪೆನ್ನ.

ಸಾವಂತ್ರವ್ವ: ಇದು? ತಾಯತ ಇದ್ದಂಗ ಐತಲ್ರಿ. ಕೊಳ್ಳಾಗ ಕಟಗೊಳ್ಳಲೇನು?

ಇಂಡಿ ಬಸ್‌ಸ್ಟ್ಯಾಂಡಿನ ಎದುರು, ಮಾಳಿಗೆಯ ಮೇಲೆ, ತೆರಿಗೆ ಲೆಕ್ಕ ನೋಡುವ ರೇವಪ್ಪನ ಖೋಲಿ. ಸಪ್ಟೆಂಬರ್ ತಿಂಗಳ ಕಡೇ ದಿನ. ಹೋದ ವರ್ಷದವರೆಗೆ ಉಪ್ಪಿನಕಾಯಿ ಕಂಪನಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು, ವಿಜಾಪುರದ ಆಫೀಸಿಗೆ ಮುಟ್ಟಿಸಿ, ಹೊಳ್ಳಿ ಬರುವಾಗ ಒಂದು ಸಿನೆಮಾ ನೋಡಿಕೊಂಡು ಬರುವುದು ಗುರಲಿಂಗಪ್ಪನ ರೂಢಿ. ಈ ವರ್ಷ ಸರಕಾರದವರು ಎಲ್ಲವನ್ನೂ ಪೋರ್ಟಲ್‌ನಲ್ಲೇ ತುಂಬಿರಿ ಎಂದು ಸಿನೆಮಾಕ್ಕೂ ಕಲ್ಲು ಹಾಕಿದ್ದರು. ಇವತ್ತು ತುಂಬದಿದ್ದರೆ ಮಸಾಲಿ ಕಲಸುವ ಮಷಿನ್ನಿಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಆರಕ್ಕೆ ಕರೆಂಟು ಬೇರೆ ಹೋಗುತ್ತದೆ. ಅದಕ್ಕೇ ಹೆಂಡತಿಯನ್ನು ಕೆಲಸದ ನಡುವೆಯೇ ಎಬ್ಬಿಸಿಕೊಂಡು ಬಂದಿದ್ದ. ಆಕೆಯ ಅಂಗೈಗೆ ಅರಿಷಿಣ ಇನ್ನೂ ಹತ್ತಿಕೊಂಡಿತ್ತು.

ರೇವಪ್ಪ: ಅಕ್ಕಾರ, ಕಂಪ್ಯೂಟರಿಗೆ ಚುಚ್ಚೂ ಇದಕ್ಕ ಡಿಜಿಟಲ್ ಸಹಿ ಅಂತಾರ್ರಿ. ನಿಮ್ಮ ಸಹಿ ಇದರೊಳಗ ಕುಂತೈತಿ.

ಸಾವಂತ್ರವ್ವ: ನಾ ಮಾಡಲಾರದ ಸಹಿ ಇದರಾಗ ಹೋಗಿ ಹ್ಯಾಂಗ ಕುಂತೀತಪಾ?

ಗುರಲಿಂಗಪ್ಪ: ಹೋದ ತಿಂಗಳ ಫೋಟೋ ತಗಸಿ, ಕಾಗದಕ್ಕ ಸಹಿ ಹಾಕಿಸಿದ್ನಲ್ಲ...

ಸಾವಂತ್ರವ್ವ: ಅದು ರೇಶನ್ ಕಾರ್ಡಿಗೆ ಅಂದಿದ್ರಿ!

ಗುರಲಿಂಗಪ್ಪ: ರೇಶನ್ ಕಾರ್ಡಿಗೂ... ಬರ್ತೈತಿ.

ಸಾವಂತ್ರವ್ವ: ಹಂಗಾರ ಸಕ್ಕರಿ ಯಾವಾಗ ಕೊಡ್ತಾರ, ಕೇಳ್ರಿ.

ರೇವಪ್ಪ: ಇವರು ಇನ್‌ಕಮ್ ಟ್ಯಾಕ್ಸ್‌ದವರ್ರಿ ಅಕ್ಕಾರ. ಕೊಡೂ ಪೈಕಿ ಅಲ್ರಿ, ತಗೊಳ್ಳೂ ಪೈಕಿ.

ಗುರಲಿಂಗಪ್ಪ: ಮಾತು ಸಾಕು. ಇತ್ತ ತಾ, ನಾನ ಒತ್ತತೇನಿ.

ರೇವಪ್ಪ: ಬ್ಯಾಡ್ರಿ ಮಾಸ್ತರ್ರ. ಪಾಸ್‌ವರ್ಡ್ ಅಕ್ಕಾರ ಇಡಬೇಕು, ಸಹಿ ಅಕ್ಕಾರ ಒತ್ತಬೇಕು. ಒಬ್ಬರ ಸಹಿ ಇನ್ನೊಬ್ಬರ ಕೈಲೆ ಒತ್ತಿಸಿ ನಾ ಕೋರ್ಟ್ ಹತ್ತಾಂವಲ್ಲ.

ಸಾವಂತ್ರವ್ವ: ಅಲ್ರೀ, ಕಂಪನಿ ನಿಮ್ಮದು. ಸಹಿ ನಂದ್ಯಾಕ?

ಗುರಲಿಂಗಪ್ಪ ಕೆಮ್ಮಿದ. ರೇವಪ್ಪನಿಗೆ ಕಣ್ಸನ್ನೆ ಮಾಡಿದ. ರೇವಪ್ಪನ ಕಣ್ಣು ಪರದೆಯ ಮೇಲಿತ್ತು.

ರೇವಪ್ಪ: ಅಕ್ಕಾರ ಎಂಡಿ ಅಲ್ರೇನು!

ಸಾವಂತ್ರವ್ವ: ಯಾರಿಗೆ ಹೆಂಡಿ ಅಂತೀಪಾ? ಕೈಗೆ ಹತ್ತಿದ್ದು ಅರಿಷಿಣ, ದನದ ಹೆಂಡಿ ಅಲ್ಲ!

ರೇವಪ್ಪ: ಅಯ್ಯಯ್ಯ, ಹೆಂಡಿ ಅಲ್ರಿ, ಎಂಡಿ! ಮ್ಯಾನೇಜಿಂಗ್ ಡೈರೆಕ್ಟರ್. ಅಂದ್ರ ಕಂಪನಿ ಮಾಲಕರು.

ಸಾವಂತ್ರವ್ವ ಗಂಡನ ಕಡೆ ಹೊರಳಿದಳು.

ಗುರಲಿಂಗಪ್ಪ ಸರಕಾರಿ ಸಾಲಿ ಮಾಸ್ತರ. ಪಗಾರ ತಿನ್ನುವವರು ಕಂಪನಿ ನಡೆಸುವಂತಿಲ್ಲವೆಂದು ಹೆಂಡತಿಯ ಹೆಸರನ್ನೂ ತನ್ನ ತಾಯಿಯ ಹೆಸರನ್ನೂ ಕಾಗದದಲ್ಲಿ ಬರೆಸಿ, ಮಂದಿಯ ಬಾಯಲ್ಲಿ ಮಾತ್ರ ತಾನು ‘ಸಾಹೇಬ’ನಾಗಿ ಉಳಿದಿದ್ದ. ಕರೆಯುವವರು ಕರೆದೂ ಕರೆದೂ ಕಡೆಗೆ ಅವನೇ ಅದನ್ನು ನಂಬಿಬಿಟ್ಟಿದ್ದ.

ಸಾವಂತ್ರವ್ವ: ಮತ್ತ ಇವರು ಯಾರು?

ರೇವಪ್ಪ: ಕಾಗದದಾಗ ಇರೋರು ಇಬ್ಬರ ರೀ. ಒಬ್ಬರು ನೀವು, ಇನ್ನೊಬ್ಬರು ನಿಮ್ಮ ಅತ್ತಿ ಲಕ್ಕವ್ವಾರು. ಮಾಸ್ತರ್ರ ಹೆಸರು... ಇಲ್ರಿ.

ಗುರಲಿಂಗಪ್ಪ: ಕೆಳಗ ನೋಡೋ!

ರೇವಪ್ಪ: ಕೆಳಗ ನಿಮ್ಮ ಮಾವನವರ ಹೆಸರು ಐತ್ರಿ. ‘ಸಾವಂತ್ರವ್ವ, ತಂದಿ ಅಮೋಘಸಿದ್ಧ’.

ಗುರಲಿಂಗಪ್ಪ: ಸಾಲೋಟಗಿ ಮಾವ? ಉಪ್ಪಿನಕಾಯಿ ಕಂಡ್ರ ಮುಖಾ ತಿರುವಾಂವ! ಅವನ ಹೆಸರೈತಿ, ನಂದಿಲ್ಲ?

ರೇವಪ್ಪ: ಸರಕಾರ ತಂದಿ ಹೆಸರು ಕೇಳೈತ್ರಿ. ಗಂಡನ್ನ ಕೇಳಿಲ್ಲ.

ತನ್ನದೇ ಲಗ್ನಪತ್ರಿಕೆಯಲ್ಲಿ ತನ್ನ ಹೆಸರೊಂದನ್ನು ಬಿಟ್ಟು ಬೀಗರ ಹೆಸರನ್ನೆಲ್ಲ ಅಚ್ಚು ಹಾಕಿದಂತೆ ಆಯಿತು ಗುರಲಿಂಗಪ್ಪನಿಗೆ. ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯನ್ನು ಮುಂದೆ ಎಳೆದುಕೊಂಡಳು.

ಸಾವಂತ್ರವ್ವ: ಲೆಕ್ಕ ಓದಪಾ ರೇವಪ್ಪ. ನಂದ ಕಂಪನಿ ಅಂದಮ್ಯಾಲ ನಾ ಕೇಳಬೇಕಲ್ಲ.

ಗುರಲಿಂಗಪ್ಪ: ಆರಕ್ಕ ಕರೆಂಟ್ ಹೋಗ್ತೈತಿ!

ಸಾವಂತ್ರವ್ವ: ಜಲ್ದಿ ಓದಪಾ.

ರೇವಪ್ಪ: ‘ತಿರುಗೋ ಕುರ್ಚಿ, ಒಂದು.’

ಸಾವಂತ್ರವ್ವ: ಅದು ಯಾರಿಗೆ?

ಗುರಲಿಂಗಪ್ಪ: ಮಾಲಕರಿಗೆ ಕುಂದ್ರಾಕ...

ಸಾವಂತ್ರವ್ವ: ಹಂಗಾರ ನಂದು. ನಾ ನೆಲದ ಮ್ಯಾಲ ಕುಂತು ಕಾಯಿ ಕಲಸಾಕತ್ತೇನಿ, ನನ್ನ ಕುರ್ಚ್ಯಾಗ ನೀವು ತಿರಗಾಕತ್ತೀರಿ! ಮುಂದ?

ರೇವಪ್ಪ: ‘ಪ್ರವಾಸದ ಖರ್ಚು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸೊಲ್ಲಾಪುರ, ಗೋವಾ...’

ಸಾವಂತ್ರವ್ವ: ಗೋವಾದಾಗ ನಮ್ಮ ಉಪ್ಪಿನಕಾಯಿ ಯಾರು ಕೊಂಡ್ರು?

ಗುರಲಿಂಗಪ್ಪ: ಯಾರೂ ಕೊಳ್ಳಲಿಲ್ಲ. ಅದಕ್ಕ ಅದು ಖರ್ಚಿನ್ಯಾಗ ಐತಿ.

ರೇವಪ್ಪ ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿ ಇಲ್ಲದ ವಾಯರು ಹುಡುಕತೊಡಗಿದ. ಗುರಲಿಂಗಪ್ಪ ದನಿ ಇಳಿಸಿದ.

ಗುರಲಿಂಗಪ್ಪ: ನೋಡು, ಈ ಸಹಿ ಆದ್ರ ಮಷಿನ್ ಬರ್ತೈತಿ. ಮಷಿನ್ ಬಂದ್ರ ನಿನ್ನ ರಟ್ಟಿ ನೋವು ಹೋಗ್ತೈತಿ.

ಸಾವಂತ್ರವ್ವ: ರಟ್ಟಿ ನೋವಾಗ್ತೈತಿ ಅಂತ ನಿಮಗ ಗೊತ್ತೈತಿ?

ಗುರಲಿಂಗಪ್ಪ: ಎಣ್ಣಿ ತಿಕ್ಕೋತಿ ಅಲ್ಲ, ನೋಡೇನಿ. ಕುರ್ಚಿಗಿಂತ ಮೊದಲ ಮಷಿನ್ನ ತರಬೇಕಿತ್ತು.

ಆಕೆ ಅವನ ಮುಖವನ್ನೇ ನೋಡಿದಳು. ಇಷ್ಟು ನೆಟ್ಟಗೆ ಅವನು ಮಾತಾಡಿದ್ದು ಅಪರೂಪ.

ಸಾವಂತ್ರವ್ವ: ಆತು, ಮಾಡ್ತೇನಿ. ಆದ್ರ ರೇವಪ್ಪ, ಗೋವಾ ಖರ್ಚು ಕಂಪನಿ ಲೆಕ್ಕದಾಗಿಂದ ತಗೀ. ಅದನ್ನ ಇವರ ಸಾಲಿ ಪಗಾರದಾಗ ನಾ ಹಿಡೀತೇನಿ.

ರೇವಪ್ಪ: ತಗದೆ ನೋಡ್ರಿ. ಈಗ ಇಲ್ಲಿ ಪಾಸ್‌ವರ್ಡ್ ಹಾಕ್ರಿ ಅಕ್ಕಾರ. ಯಾರಿಗೂ ತೋರಸಬಾರದು.

ಸಾವಂತ್ರವ್ವ: ಇಬ್ಬರೂ ಗ್ವಾಡಿ ಕಡೆ ಮುಖಾ ಮಾಡಿ ನಿಂದರ್ರಿ.

ಗುರಲಿಂಗಪ್ಪ: ನಾನೂ?

ಸಾವಂತ್ರವ್ವ: ಮೊದಲ ನಿಮಗ ಹೇಳಿದ್ದು.

ಎಷ್ಟೋ ಹುಡುಗರನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದ ಮಾಸ್ತರ ಇವತ್ತು ತಾನೇ ನಿಂತ. ಹಿಂದೆ ಟಕ್... ಟಕ್... ಎಂದು ಒಂದೊಂದೇ ಅಕ್ಷರ ಬೀಳುವ ಸಪ್ಪಳ. ಗೋಡೆಯ ಗಡಿಯಾರದ ಮುಳ್ಳು ಆರರ ಹತ್ತಿರ ಜಾರುತ್ತಿತ್ತು. ರೇವಪ್ಪ ಹೊರಳಿ ಬಂದು ತೋರಿಸಿದ ಕಡೆ ಆಕೆ ಸಹಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು.

ರೇವಪ್ಪ: ಹೋತ್ರಿ! ತಗೊಂಡ್ರು!

ಪ್ರಿಂಟರು ಕಿರ್ರೆಂದು ಪಾವತಿ ಚೀಟಿಯನ್ನು ಹೊರಗೆ ಹಾಕಿತು. ಹಾಕಿದ ಮರುಗಳಿಗೆಯೇ ಕರೆಂಟು ಹೋಯಿತು.

ಗಂಡ ಹೆಂಡತಿ ಮೆಟ್ಟಿಲಿಳಿದು ರಸ್ತೆಗೆ ಬರುವುದಕ್ಕೂ ಸಿಂದಗಿಯ ಕಿರಾಣಿ ಅಂಗಡಿ ಶಂಕರೆಪ್ಪ ಬಸ್ಸಿನಿಂದ ಇಳಿಯುವುದಕ್ಕೂ ಸರಿಹೋಯಿತು.

ಶಂಕರೆಪ್ಪ: ನಮಸ್ಕಾರ್ರಿ ಸಾಹೇಬ್ರ! ಸಿಂದಗಿಗೆ ಮಾಲು ಯಾವಾಗ ಕಳಸ್ತೀರಿ?

ಗುರಲಿಂಗಪ್ಪನ ಕೈ ತಾನಾಗಿಯೇ ಮೀಸೆಯ ಕಡೆ ಹೊರಟಿತ್ತು, ಅರ್ಧಕ್ಕೇ ಇಳಿಯಿತು.

ಗುರಲಿಂಗಪ್ಪ: ನನ್ನನ್ನೇನ ಕೇಳ್ತಿ? ಕಂಪನಿ ಇವರದು. ಇವರನ್ನ ಕೇಳು.

ಶಂಕರೆಪ್ಪ: ಹ್ಹಹ್ಹ! ಸಾಹೇಬ್ರು ಚಾಷ್ಟಿ ಮಾಡಾಕತ್ತಾರ!

ಗುರಲಿಂಗಪ್ಪ: ಖರೇನ ಹೇಳಾಕತ್ತೇನೋ. ನನ್ನ ಹೆಸರು ಎಲ್ಲೂ ಇಲ್ಲ. ಕೆಳಗೂ ಇಲ್ಲ!

ಶಂಕರೆಪ್ಪ ಇನ್ನೂ ಜೋರಾಗಿ ನಕ್ಕ. ಇಷ್ಟು ವರ್ಷ ಹೇಳಿದ ಸುಳ್ಳಿನ ಬಗ್ಗೆ ಒಬ್ಬರೂ ಸಂಶಯಪಟ್ಟಿರಲಿಲ್ಲ. ಖರೆ ಹೇಳಿದ ಮೊದಲ ದಿನವೇ ನಂಬುವವರಿಲ್ಲ.

ಸಾವಂತ್ರವ್ವ: ಗುರುವಾರ ಗಾಡಿ ಬರ್ತೈತಿ ಶಂಕರೆಪ್ಪ. ಖಾಲಿ ಬರಣಿ ತೊಳದ ಇಟ್ಟಿರು.

ಆಕೆ ಮುಂದೆ ನಡೆದಳು. ಶಂಕರೆಪ್ಪ ಹತ್ತಿರ ಬಂದು ಪಿಸುಗುಟ್ಟಿದ.

ಶಂಕರೆಪ್ಪ: ಹೆಂಡ್ತಿಗೆ ಇಷ್ಟು ಅಂಜತಾರೇನ್ರಿ ಸಾಹೇಬ್ರ?

ಗುರಲಿಂಗಪ್ಪ: ಹೆಂಡ್ತಿಗೆ ಯಾವಾಂವ ಅಂಜತಾನೋ? ನಾ ಅಂಜೂದು ಮಾಲಕರಿಗೆ!