ಕಾಯಿ ಕುಲುಕುವ ಅಪ್ಪ

ನಮ್ಮಪ್ಪ ಮಣ್ಣಾಗಿ ಬಹಳ ವರ್ಷವಾಯಿತು. ಆದರೂ ಅವನಿಂದ ನನಗಾಗುವ ಫಜೀತಿ ಮಾತ್ರ ನಿಂತಿಲ್ಲ. ಮೊನ್ನೆ ತಿಪಟೂರು ಸಂತೆಯಲ್ಲಿ ಕಲ್ಲಂಗಡಿ ಹಣ್ಣನ್ನು ಕಿವಿಗೆ ಹಿಡಿದು ಕುಲುಕುತ್ತಿದ್ದೆ. ಮಾರುವವಳು, "ಅದೇನು ಮಗೀನ ಗಿಲಕಿಯಾ ಸ್ವಾಮಿ?" ಅಂದಳು. ಈ ಚಾಳಿ ಅಪ್ಪನದು. ನಕ್ಕೆ. ಮನೆ ಮುಟ್ಟುವಷ್ಟರಲ್ಲಿ ಅಳು ಬಂತು.

೧. ಬೀಗರ ತಟ್ಟೆ

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ತನಕ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟರೆ, ಕುಲುಕಿದಾಗ ಗಡಗಡ ಅನ್ನುತ್ತೆ. ಅವಸರಪಟ್ಟು ಒಡೆದರೆ ಕೆಟ್ಟಿತು. ಅಪ್ಪ ಉಳುಮೆ, ದನ, ಬೇಸಿಗೆಯಲ್ಲಿ ಸಸಿಗಳಿಗೆ ಕೊಡದಲ್ಲಿ ನೀರು ಅಂತ ನಾಲ್ಕಾಳಿನ ಕೆಲಸ ಒಬ್ಬನೇ ಎಳೆಯುತ್ತಿದ್ದ. ಆದರೆ ಅವನಿಗೆ ಹೆಸರು ಬಂದದ್ದು ಕಿವಿಯಿಂದ. ಊರವರೆಲ್ಲ ತಮ್ಮ ಅಟ್ಟ ನೋಡಲು ಅವನನ್ನೇ ಕರೆಯುತ್ತಿದ್ದರು.

ಅಕ್ಕನ ಮದುವೆ ಮಾತಿಗೆ ಕೆಂಕೆರೆ ಕಡೆಯವರು ಬಂದರು. ಅವರು ತಂದ ತಾಂಬೂಲದ ತಟ್ಟೆಯಿಂದ ಅಪ್ಪ ಕಾಯಿ ಎತ್ತಿ, ಕಿವಿಗೆ ಹಿಡಿದು ಕುಲುಕಿ, "ಇದು ಕೊಳೆತೈತೆ" ಅಂದುಬಿಟ್ಟ! ಅವ್ವ ಹಣೆ ಚಚ್ಚಿಕೊಂಡಳು. ಬೀಗರು ಮುಖ ಕೆಂಪಗೆ ಮಾಡಿಕೊಂಡು ಅಲ್ಲೇ ಒಡೆಸಿದರು. ಕೊಳೆತೇ ಇತ್ತು. ಗಂಡಿನ ತಂದೆ ಒಡೆದ ಹೋಳನ್ನು ಮೂಸಿ ಕೆಳಗಿಟ್ಟು, "ಹೆಣ್ಣು ತಗೋತೀವಿ ಕಣ್ರೀ. ಆದ್ರೆ ನೀವು ಯಾವತ್ತೂ ನಮ್ಮ ಅಟ್ಟ ಹತ್ತಬಾರದು" ಅಂದರು.

೨. ಡಾಕ್ಟರ ವಾಚು

ಆಮೇಲಾಮೇಲೆ ಆ ಕಿವಿಯೇ ಮಂದವಾಯಿತು. ಆಗ ನಾನು ತುರುವೇಕೆರೆ ಹತ್ತಿರ ಸ್ಕೂಲ್ ಮೇಷ್ಟ್ರು. ಅವನನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ತಮ್ಮ ವಾಚು ಬಿಚ್ಚಿ ಅವನ ಕಿವಿಗೆ ಹಿಡಿದು, "ಕೇಳುತ್ತೇನಪ್ಪ?" ಅಂತ ಕೂಗಿದರು. ಅಪ್ಪ ವಾಚು ಇಸಿದುಕೊಂಡು ನಾಲ್ಕು ಸಲ ಕುಲುಕಿ ವಾಪಸು ಕೊಟ್ಟ. "ನಿಂತೋಗೈತೆ ಸ್ವಾಮಿ. ರಿಪೇರಿ ಮಾಡಿಸ್ಕಳಿ."

ಡಾಕ್ಟರು ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲೇ ನಿಂತ ನನಗೆ ಟಿಕ್ ಟಿಕ್ ಕೇಳುತ್ತಿತ್ತು. ನನಗೆ ನಗು ಬರಲಿಲ್ಲ.

ಬಸ್ಸು ಕಿಬ್ಬನಹಳ್ಳಿ ದಾಟಿದ ಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡ. "ಯಾರಿಗೂ ಹೇಳ್ಬೇಡ ಕಣ್ಲಾ. ಗೊತ್ತಾದ್ರೆ ಅಟ್ಟದಿಂದ ಇಳಿಸ್ತಾರೆ. ಇಳಿದ ಮ್ಯಾಕೆ ನಾನ್ಯಾತಕ್ಕೆ?" ಪಿಸುಮಾತು ಅಂದುಕೊಂಡೇ ಹೇಳಿದ, ಪಾಪ. ಇಡೀ ಬಸ್ಸು ತಿರುಗಿ ನೋಡಿತು.

೩. ಸೊಳ್ಳೆ

ಅವ್ವನಿಗೆ ಆಗಲೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ, ತಾನೂ ಅಟ್ಟ ಹತ್ತತೊಡಗಿದಳು. ಅಪ್ಪ ಕುಲುಕಿದ ಕಾಯಿಯನ್ನು ಹಿಂದೆ ಕೂತು ತಾನೂ ಕುಲುಕಿ ಅವನ ಬೆನ್ನು ತಟ್ಟುವಳು. ಒಂದೇಟು ಅಂದರೆ ಆಗಿದೆ, ಎರಡೇಟು ಅಂದರೆ ಇನ್ನೂ ಇಲ್ಲ. ಅಪ್ಪ ಗತ್ತಿನಿಂದ ಕೂಗಿ ಹೇಳುವನು. ಕೆಳಗಿದ್ದವರು, "ಏನು ಕಿವಿ ಮಾರಾಯ ಇವನದು!" ಅನ್ನುವರು.

ಒಂದು ದಿನ ಕೊಬ್ಬರಿ ಸಾಹುಕಾರರು ಬಂದು ಕೆಳಗೆ ನಿಂತಿದ್ದರು. ಬೆನ್ನಿಗೆ ಒಂದೇಟು ಬಿತ್ತು. "ಆಗೈತೆ, ಒಡೀರಿ!" ಅಂದ ಅಪ್ಪ. ಒಡೆದರೆ ಸಾಹುಕಾರರ ಬಿಳೀ ಷರಟಿನ ತುಂಬ ನೀರು! ಅಪ್ಪ ಹಿಂದಕ್ಕೆ ತಿರುಗಿ ಗುಡುಗಿದ: "ಸೊಳ್ಳೆ ಹೊಡಿಯಂಗಿದ್ರೆ ತಲೆಗೆ ಹೊಡಿಯೇ! ಬೆನ್ನಿಗ್ಯಾಕೆ ಹೊಡೀತಿಯ?"

೪. ಇಬ್ಬರ ಗುಟ್ಟು

ಕೆಲವು ವರ್ಷದ ಮೇಲೆ ರಜೆಗೆ ಬಂದಾಗ ಅವ್ವನನ್ನು ಹಿಂದಿನಿಂದ ನಾಲ್ಕು ಸಲ ಕರೆದೆ. ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಅಟ್ಟದ ಮೇಲೆ ಅದೇ ಅವ್ವ ಕಾಯಿ ಕುಲುಕಿ ಅಪ್ಪನ ಬೆನ್ನು ತಟ್ಟುತ್ತಿದ್ದಳು! ಅಪ್ಪ ಕೆಳಗಿಳಿದು ಬಂದಾಗ ಕಿವಿಗೆ ಬಾಯಿಟ್ಟು ಕೂಗಿದೆ, "ಅವ್ವಂಗೂ ಕೇಳಲ್ಲ ಕಣಪ್ಪಾ!"

"ಮೆಲ್ಲಗೆ ಮಾತಾಡ್ಲಾ, ಅವಳಿಗೆ ಕೇಳ್ಸೀತು!" ಅಂದ.

ಆಮೇಲೆ ತಲೆ ತಗ್ಗಿಸಿ, "ಗೊತ್ತು ಬುಡು. ನಾನು ಕೈಯಾಗೆ ತೂಕ ನೋಡ್ತೀನಿ. ಒಣಗಿದ್ದು ಹಗುರ ಇರ್ತದೆ. ತಟ್ಟೋದು ಬ್ಯಾಡ ಅಂದ್ರೆ ಅವಳು ನೊಂದ್ಕತ್ತಾಳೆ" ಅಂದ.

ಮುಂದಿನ ವರ್ಷ ಅಪ್ಪ ಹೋದ. ತಿಥಿ ಮುಗಿಸಿ ನಾನೂ ಅವ್ವನೂ ಅಟ್ಟ ಹತ್ತಿದೆವು. ಅಪ್ಪ ತೂಕ ನೋಡುತ್ತಿದ್ದ ವಿಷಯವನ್ನು ಕೂಗಿ, ಕೈಸನ್ನೆ ಮಾಡಿ ಅವಳಿಗೆ ಹೇಳಿದೆ. ಅವನು ಹೋದ ಮೇಲೆ ಮೊದಲ ಸಲ ನಕ್ಕಳು.

"ನಂಗೆ ಕಾಣ್ತಿರ್ಲಿಲ್ವ? ಅವರ ಕೈ ಹಗೂರಕ್ಕೆ ಎದ್ರೆ ಒಂದೇಟು, ಜಗ್ಗಿದ್ರೆ ಎರಡು."

"ಮತ್ತೆ ತಟ್ತಿದ್ದಾದ್ರೂ ಯಾಕವ್ವ?" ಅಂತ ಅವಳ ಕಿವಿಗೆ ಕೂಗಿದೆ.

"ತಟ್ಟದಿದ್ರೆ ಕಾಯ್ತಾನೇ ಕೂತಿರೋರು ಕಣಪ್ಪ" ಅಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಹಿಂದೆ ಬಂದು ಕೂತಳು.

ಒಂದು ಕಾಯಿ ಎತ್ತಿ ಕುಲುಕಿದೆ. ಗಡಗಡ ಚೆನ್ನಾಗಿಯೇ ಕೇಳಿತು. ಆದರೂ ಕಾದೆ. ಬೆನ್ನಿಗೆ ಎರಡೇಟು ಬಿತ್ತು.

"ಇನ್ನೂ ಆಗಿಲ್ಲ" ಅಂತ ಜೋರಾಗಿ ಹೇಳಿ ಕಾಯಿ ವಾಪಸು ಇಟ್ಟೆ.