‘ಬಂತು’ ಎಂಬ ಮಾತಿನ ಪೇಟೆಂಟು

ತನ್ನ ಸ್ವರ ದೊಡ್ಡದು ಎಂದು ಒಪ್ಪಿಕೊಂಡ ಹೆಂಗಸನ್ನು ನಾನು ಈವರೆಗೆ ನೋಡಿಲ್ಲ. “ನಾನು ಮೆಲ್ಲ ಮಾತಾಡುವವಳೇ, ಈ ಮನೆಯಲ್ಲಿ ಯಾರಿಗೂ ಕಿವಿ ಕೇಳುವುದಿಲ್ಲ, ಅದಕ್ಕೆ ಸ್ವಲ್ಪ...” ಎಂದೇ ಎಲ್ಲರೂ ಹೇಳುವುದು. ನಾನೂ ಹಾಗೆಯೇ ಹೇಳಿಕೊಂಡು ಬಂದವಳು. ಆದರೆ ಈಗ ನನ್ನ ಸ್ವರದ ವಿಷಯ ಬಂಟ್ವಾಳದ ಒಬ್ಬ ವಕೀಲರ ಫೈಲಿನಲ್ಲಿ ಸೇರಿಹೋಗಿರುವುದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಹೌದು, ನನ್ನದು ದೊಡ್ಡ ಸ್ವರ. ಚಿಕ್ಕಂದಿನಲ್ಲಿ ಪುತ್ತಿಗೆಯ ನಮ್ಮ ಮನೆಯ ಅಂಗಳದಲ್ಲಿ ನಿಂತು ತಮ್ಮನನ್ನು ಊಟಕ್ಕೆ ಕರೆದರೆ ಆಚೆಮನೆಯ ಮಕ್ಕಳೂ ಆಟ ಬಿಟ್ಟು ಕೈ ತೊಳೆಯುತ್ತಿದ್ದರಂತೆ. ಇದು ಅಮ್ಮ ಹೇಳುವ ಕಥೆ. ಅಮ್ಮನ ಸ್ವರ ನನ್ನದಕ್ಕಿಂತಲೂ ದೊಡ್ಡದಾದ್ದರಿಂದ ಈ ಕಥೆ ಊರಿಗೆಲ್ಲ ಗೊತ್ತುಂಟು.

ಗುರುವಾಯನಕೆರೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಅದರ ಹಿಂದುಗಡೆಯೇ ಮನೆ. ಅಂಗಡಿಯ ಮೇಲೆ ತಗಡು, ಸುತ್ತ ಕಬ್ಬಿಣದ ಕಪಾಟು, ಒಳಗೆ ಸರಳು, ಪೈಪು, ಬೇಲಿ ತಂತಿ. ಇಷ್ಟು ಕಬ್ಬಿಣವನ್ನು ದಾಟಿ ಮೊಬೈಲಿನ ನೆಟ್‌ವರ್ಕು ಒಳಗೆ ಬರುವುದಾದರೂ ಹೇಗೆ? ಗಿರಾಕಿಗಳು ಹೊರಗೆ ರಸ್ತೆ ಬದಿಯಲ್ಲಿ ನಿಂತು ಕ್ಯೂಆರ್ ಕೋಡಿಗೆ ಫೋನು ಹಿಡಿದು ಹಣ ಕಳಿಸುತ್ತಾರೆ, ಅದು ಬಂತೋ ಇಲ್ಲವೋ ಎಂದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಕಂಪೆನಿಯವರು ಕೊಟ್ಟ ಮಾತಾಡುವ ಡಬ್ಬವೊಂದಿತ್ತು. ಅದು ಬೆಳಿಗ್ಗೆ ಬಂದ ಹಣವನ್ನು ನಾವು ಮಧ್ಯಾಹ್ನ ಊಟಕ್ಕೆ ಕುಳಿತಾಗ ಘೋಷಿಸುತ್ತಿತ್ತು. ಕೊನೆಗೆ ಇಡೀ ಜಾಗದಲ್ಲಿ ನೆಟ್‌ವರ್ಕ್ ಇರುವುದು ಅಡುಗೆಮನೆಯ ಕಿಟಕಿಯಲ್ಲಿ, ಸಾಸಿವೆ ಡಬ್ಬಿಯ ಪಕ್ಕ ಮಾತ್ರ ಎಂದು ಪತ್ತೆಯಾಯಿತು. ಫೋನು ಅಲ್ಲಿ ಹೋಗಿ ಕುಳಿತಿತು, ಫೋನಿನ ಪಕ್ಕ ನಾನು. ನಮ್ಮ ಯಜಮಾನರು ಹಣದ ಗಲ್ಲೆಯಿಂದ “ಬಂತಾ?” ಎನ್ನುವುದು, ನಾನು ಒಲೆಯ ಬುಡದಿಂದ “ಬಂತೂ!” ಎನ್ನುವುದು. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವೇ. ಆದರೂ ಇದು ಬ್ಯಾಂಕಿನ ವ್ಯವಹಾರವಲ್ಲವೇ, ಆದ್ದರಿಂದ ಕನ್ನಡದಲ್ಲಿ.

ಊರವರು ವಾಸಣ್ಣ ಎಂದು ಕರೆಯುವ ನನ್ನ ಯಜಮಾನರಿಗೆ ಏನನ್ನಾದರೂ ಬಿಚ್ಚಿ ಜೋಡಿಸುವ ಹುಚ್ಚು ಮೊದಲಿನಿಂದಲೂ ಉಂಟು. ಬಿಚ್ಚಿದ್ದನ್ನೆಲ್ಲ ಜೋಡಿಸುತ್ತಾರೆ, ಸುಳ್ಳು ಹೇಳಬಾರದು. ಒಂದೆರಡು ಸ್ಕ್ರೂ ಉಳಿಯುತ್ತದೆ ಅಷ್ಟೆ. ಒಮ್ಮೆ ನನ್ನ ಗಂಟಲು ಕಟ್ಟಿ ಸ್ವರವೇ ಹೊರಡದಾಗ ವ್ಯಾಪಾರ ನಿಂತುಹೋಗುವ ಹಾಗಾಯಿತು. ಆಗ ಇವರು ಒಂದು ಹಳೆಯ ಫೋನನ್ನು ಕಿಟಕಿಗೆ ಬಿಗಿದು, ಅಲ್ಲಿಂದ ಅಂಗಡಿಗೆ ವಯರು ಎಳೆದು, ಸಣ್ಣ ಸ್ಪೀಕರು ಕೂರಿಸಿ, ಹಣದ ಮೆಸೇಜು ಬಂದ ಕೂಡಲೇ ಮಾತಾಡುವ ಡಬ್ಬವೊಂದನ್ನು ಮಾಡಿದರು. ಗಂಟಲು ಸರಿಯಾದ ಮೇಲೆ ನನ್ನನ್ನು ನಿಲ್ಲಿಸಿ “ಬಂತೂ!” ಎಂದು ರೆಕಾರ್ಡು ಮಾಡಿಸಿ ಅದರೊಳಗೆ ಸೇರಿಸಿದರು. ಸುದ್ದಿ ಹಬ್ಬಿತು. ತಗಡಿನ ಮಾಡಿನ ಕೆಳಗೆ ನೆಟ್‌ವರ್ಕಿಲ್ಲದೆ ಒದ್ದಾಡುತ್ತಿದ್ದ ಬೆಳ್ತಂಗಡಿಯ ಅಂಗಡಿಯವರೆಲ್ಲ ನಮಗೊಂದು, ನಮಗೊಂದು ಎಂದು ಬಂದು, ನನ್ನ ಸ್ವರ ಸಮೇತ ಡಬ್ಬ ಮಾಡಿಸಿಕೊಂಡು ಹೋದರು. ಇವರು ಮಂಗಳೂರಿನ ಒಬ್ಬ ಏಜೆಂಟರನ್ನು ಹಿಡಿದು ಪೇಟೆಂಟಿಗೆ ಅರ್ಜಿ ಹಾಕಿ, ಅದರ ರಸೀದಿಗೆ ಲ್ಯಾಮಿನೇಶನ್ ಮಾಡಿಸಿ ದೇವರ ಪಟದ ಪಕ್ಕ ತೂಗುಹಾಕಿದರು. ಅಕ್ರಮ ಸಕ್ರಮಕ್ಕೆ ಅರ್ಜಿ ಕೊಟ್ಟ ದಿನವೇ ಬೇಲಿ ಹಾಕಿ ಬಾಳೆ ನೆಡುವ ಊರು ನಮ್ಮದು. ಅರ್ಜಿ ಕೊಟ್ಟಾಯಿತು ಎಂದರೆ ಜಾಗ ನಮ್ಮದೇ ಆಯಿತಲ್ಲ!

ಹೀಗಿರುವಾಗ ಮಗಳು ಪ್ರತಿಮಾಳಿಗೆ ನೆಂಟಸ್ತಿಕೆ ಕೂಡಿಬಂತು. ನಿಶ್ಚಿತಾರ್ಥದ ಸೀರೆ ತರಲು ನಾನೂ ಅವಳೂ ಮೂಡುಬಿದಿರೆಗೆ ಹೋದೆವು. ಸೀರೆ ಆರಿಸಿ ಹಣ ಕಳಿಸಿದ್ದೇ ತಡ, ಗಲ್ಲೆಯ ಅಡಿಯಿಂದ ನಾನೇ “ಬಂತೂ!” ಎಂದೆ. ಪ್ರತಿಮಾ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದಿರಲಿಲ್ಲ. ನಮ್ಮ ಡಬ್ಬ ಇಲ್ಲಿಯವರೆಗೂ ಬಂತಲ್ಲ ಎಂದು ಹೆಮ್ಮೆಯಿಂದ ಬಗ್ಗಿ ನೋಡಿದರೆ ಅದು ನಮ್ಮದಲ್ಲ! ಮೆಲ್ಕಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ತಮ್ಮ ದಯಾನಂದನ ಅಂಗಡಿಯ ಸ್ಟಿಕ್ಕರು ಅದರ ಮೇಲಿತ್ತು. ಒಂದು ಹಸಿರು ದೀಪ ಹೆಚ್ಚಿಗೆ ಮಿನುಗುತ್ತಿತ್ತು, ಸ್ವರ ಮಾತ್ರ ನನ್ನದೇ. ಈ ವಿಷಯವನ್ನು ಮನೆಗೆ ಬಂದು ಹೇಳಬಾರದಿತ್ತು. ಹೇಳದೆ ಕುಳಿತರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ, ಹೇಳಿಬಿಟ್ಟೆ.

“ನನ್ನ ಬೇಲಿಯೊಳಗೆ ಬಂದು ತೆಂಗಿನಕಾಯಿ ಕೊಯ್ದ ಹಾಗಾಯ್ತು ಇದು!” ಎಂದು ಇವರು ಕುಣಿದಾಡಿ, ಬಂಟ್ವಾಳದ ವಕೀಲರಿಂದ ದಯನಿಗೆ ನೋಟೀಸು ಕಳಿಸಿದರು. ದಯ ನನಗೆ ಫೋನು ಮಾಡಿದ. “ಅಕ್ಕಾ, ಭಾವನಿಗೆ ಹೇಳು. ಡಬ್ಬ ಅವರದ್ದೇ ಇರ್ಬಹುದು, ಸ್ವರ ನಮ್ಮ ಮನೆಯದ್ದು. ಪುತ್ತಿಗೆಯಿಂದ ಹೋದ ಸ್ವರ ಅದು.” ಇವರಿಗೆ ಹೇಳಿದೆ. “ಧಾರೆ ಎರೆದು ಕೊಟ್ಟ ಮೇಲೆ ಸ್ವರವೂ ಸೇರಿಯೇ ಬಂದದ್ದು” ಎಂದರು. ಮದುವೆಯಾದಂದಿನಿಂದ ಆ ಸ್ವರವನ್ನು ಒಂದು ಗಳಿಗೆ ಬಂದ್ ಮಾಡು ಎಂದು ಬೇಡಿಕೊಳ್ಳುತ್ತಿದ್ದ ಮನುಷ್ಯ ಇದೇ! ಅತ್ತ ಅಮ್ಮನಿಗೆ ಪೇಟೆಂಟು ಎಂಬ ಶಬ್ದವೇ ಅರ್ಥವಾಗಲಿಲ್ಲ. “ಅಳಿಯನಿಗೆ ಪೇಟೆ ಉಂಟಾದರೆ ದಯನ ಹತ್ತಿರ ಯಾಕೆ ಜಗಳ? ಅವನಿಗೂ ಮೆಲ್ಕಾರಿನಲ್ಲಿ ಪೇಟೆ ಉಂಟಲ್ಲ” ಎಂದು ಅಮ್ಮ ಕೇಳಿದ್ದು ಬಹುಶಃ ಮೆಲ್ಕಾರಿಗೂ ಕೇಳಿಸಿರಬೇಕು.

ಇಷ್ಟಕ್ಕೇ ಮುಗಿದಿದ್ದರೆ ನಗಾಡಿ ಬಿಡಬಹುದಿತ್ತು. ಆದರೆ ನಮ್ಮಲ್ಲಿ ಸೋದರಮಾವ ಇಲ್ಲದೆ ಹುಡುಗಿಯ ನಿಶ್ಚಿತಾರ್ಥ ಉಂಟೇ? ವೀಳ್ಯ ಬದಲಾಯಿಸುವಾಗ ಅವನು ಮುಂದೆ ಕೂರಲೇಬೇಕು. “ಆ ಕಳ್ಳ ಬಂದರೆ ನಾನು ಅಂಗಡಿಯಲ್ಲೇ ಇರ್ತೇನೆ” ಎಂದು ಇವರು. “ನೋಟೀಸು ಕಳಿಸಿದವರ ಚಪ್ಪರದಲ್ಲಿ ನಾನು ಯಾವ ಮೋರೆ ಹೊತ್ತು ಕೂರ್ಲಿ?” ಎಂದು ಅವನು. ಮಾವನ ಹೆಗಲ ಮೇಲೆ ಕುಳಿತು ಬೆಳೆದ ಹುಡುಗಿ ಪ್ರತಿಮಾ. “ಮಾವ ಇಲ್ಲದಿದ್ರೆ ನಾನೂ ಕೂರುವುದಿಲ್ಲ ಅಮ್ಮ” ಎಂದು ಹೊಸ ಸೀರೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಆವತ್ತು ನನಗೆ ನಿಜಕ್ಕೂ ಅಳು ಬಂತು. ಗಂಡನ ಪರ ಮಾತಾಡಿದರೆ ತವರು ಹೋಯಿತು, ತಮ್ಮನ ಪರ ಮಾತಾಡಿದರೆ ಗಂಡನ ಸಿಡಿಮಿಡಿ. ಮಧ್ಯದಲ್ಲಿ ಮಗಳ ಮುಖ. ಕಡೆಗೆ ದಯನಿಗೆ ಫೋನಿನಲ್ಲಿ, ಇವರಿಗೆ ಮನೆಯಲ್ಲೇ, ಇನ್ನೊಬ್ಬರು ಸೋಲು ಒಪ್ಪಲು ಬರುತ್ತಾರೆಂದು ಹೇಳಿ, ಇಬ್ಬರನ್ನೂ ಬಂಟ್ವಾಳದ ವಕೀಲರ ಆಫೀಸಿನಲ್ಲಿ ಕೂರಿಸಿದೆ.

ವಕೀಲರು ಆಯುಷ್ಯವಿಡೀ ಗಡಿ ತಕರಾರು, ದಾರಿ ತಕರಾರು, ಕುಮ್ಕಿ ಜಾಗದ ತಕರಾರು ಎಂದು ಜಮೀನಿನ ಕೇಸುಗಳನ್ನೇ ನಡೆಸಿದವರು. ಅವರಿಗೆ ಪೇಟೆಂಟೂ ಒಂದು ಜಾಗವೇ. “ನೋಡಿ, ಲ್ಯಾಮಿನೇಶನ್ ಚಂದ ಉಂಟು. ಆದರೆ ಇದು ಅರ್ಜಿಯ ರಸೀದಿ, ಹಕ್ಕುಪತ್ರ ಅಲ್ಲ” ಎಂದು ಸುರುವಿಗೇ ಇವರ ಗಾಳಿ ತೆಗೆದರು. “ಮೊನ್ನೆ ನೀವು ಹೇಳಿದ ಭರದಲ್ಲಿ ನಾನೂ ನೋಟೀಸು ಕಳಿಸಿಬಿಟ್ಟೆ. ಇಂಥದ್ದು ಸಿಗ್ಬೇಕಾದರೆ ಜಾಗ ಖಾಲಿ ಇರ್ಬೇಕು ಮಾರಾಯ್ರೇ. ಮೊದಲೇ ಒಬ್ರು ಒಕ್ಕಲು ಕೂತಿದ್ದರೆ ಸಿಗುವುದಿಲ್ಲ. ಈಗ ಹೇಳಿ, ಈ ಡಬ್ಬ ಬರುವ ಮೊದಲು ಹಣ ಬಂತು ಅಂತ ಹೇಳುವ ಕೆಲಸ ಯಾರು ಮಾಡ್ತಾ ಇದ್ದದ್ದು?”

ಇಬ್ಬರೂ ನನ್ನ ಕಡೆ ನೋಡಿದರು.

“ಹಾಂ! ಒಕ್ಕಲು ಇಲ್ಲೇ ಉಂಟಲ್ಲ!” ಎಂದು ವಕೀಲರು ಕುರ್ಚಿಯಲ್ಲಿ ನೆಟ್ಟಗಾದರು. “ಅಮ್ಮಾ, ನೀವು ಹೇಗೆ ಹೇಳ್ತಿದ್ದದ್ದು, ಒಮ್ಮೆ ಹೇಳಿ ನೋಡುವ.” ನಾನು ಸೆರಗು ಸರಿಮಾಡಿಕೊಂಡು “ಬಂತೂ!” ಎಂದೆ. ಹೊರಗೆ ಬೆಂಚಿನಲ್ಲಿದ್ದ ಕಕ್ಷಿಗಾರರು ತಮ್ಮ ಕರೆ ಬಂತೆಂದು ಎದ್ದು ಒಳಗೆ ಬಂದರು. ಅವರನ್ನು ಕೂರಿಸಿ ಬಂದ ವಕೀಲರು, “ವಾಸಣ್ಣ, ನಿಮ್ಮ ಪೇಟೆಂಟು ಹೋಯ್ತು. ದಯಾನಂದ, ನಿಮಗೂ ಏನೂ ಇಲ್ಲ. ಈ ಕೆಲಸ ಅಮ್ಮನದ್ದು” ಎಂದು ಫೈಲು ಮುಚ್ಚಿದರು. ಇವರ ಮುಖ ಕಪ್ಪಿಟ್ಟಿತು. “ನನ್ನ ಡಬ್ಬ ಮೆಸೇಜು ನೋಡಿ ಹೇಳ್ತದೆ ಸರ್...” ಎಂದು ತೊದಲಿದರು. “ಅಮ್ಮನೂ ನೋಡಿಯೇ ಹೇಳಿದ್ದಲ್ವಾ?” ಎಂದರು ವಕೀಲರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಒಂದು ಕಚೇರಿಯಲ್ಲಿ ನನ್ನ ಕೆಲಸವನ್ನು ಇಷ್ಟು ಗೌರವದಿಂದ ವಿಚಾರಿಸಿದ್ದು ಅದೇ ಮೊದಲು. ಹೆಮ್ಮೆ ತಲೆಗೇರಿತು. “ಪ್ರತಿಸಲ ಯಾಕೆ ನೋಡ್ಬೇಕು ಸರ್? ಒಲೆಯಲ್ಲಿ ಹಾಲಿಟ್ಟವಳು ಫೋನು ನೋಡ್ತಾ ಕೂರ್ಲಿಕ್ಕೆ ಆಗ್ತದಾ? ಗಿರಾಕಿಯ ಸ್ವರ ಕೇಳಿದ್ರೆ ಗೊತ್ತಾಗುವುದಿಲ್ವಾ? ಮರ್ಯಾದಸ್ಥರಾದ್ರೆ ಬಂತು ಅಂತ ಹೇಳಿಬಿಡುವುದು” ಎಂದೆ.

ವಕೀಲರು ಮುಚ್ಚಿದ ಫೈಲನ್ನು ಮತ್ತೆ ಬಿಡಿಸಿದರು.

“ನೋಡದೆಯಾ?” ಎಂದರು ಇವರು.

“ನೋಡದೆಯಾ ಅಕ್ಕಾ?” ಎಂದ ದಯ. ನೋಟೀಸು ಹೋದಂದಿನಿಂದ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. “ಭಾವ, ನೀವು ಇದನ್ನು ಹೇಗೆ ತಡ್ಕೊಂಡ್ರಿ?” ಎಂದು ಅವನು ಇವರ ಹತ್ತಿರಕ್ಕೆ ಕುರ್ಚಿ ಎಳೆದ. “ನಾನು ಎಂಥ ಹೇಳುವುದು ದಯ” ಎಂದು ಇವರು ಅವನ ಕೈ ಹಿಡಿದುಕೊಂಡರು. ವಕೀಲರಂತೂ ಮೇಜು ಕುಟ್ಟಿದರು. “ಹಾಗಾದ್ರೆ ಡಬ್ಬದಲ್ಲಿ ಹೊಸತು ಉಂಟು! ಅದು ನೋಡಿ ಹೇಳ್ತದೆ. ಮೊದಲಿನ ಅರ್ಜಿಯನ್ನು ಇಬ್ಬರ ಹೆಸರಿಗೂ ಸರಿಮಾಡಿ ಹಾಕುವ!” “ಹಾಕುವ” ಎಂದರು ಇವರು. “ಹಾಕುವ ಭಾವ” ಎಂದ ದಯ. ಅವನ ಕಾರಿನಲ್ಲೇ ಗುರುವಾಯನಕೆರೆಗೆ ಬಂದೆವು. ಅವರಿಬ್ಬರೂ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ನನಗೆ ಬೈದರು.

ನಿಶ್ಚಿತಾರ್ಥ ಚಂದವಾಗಿಯೇ ಆಯಿತು. ದಯ ಸೋದರಮಾವನ ಜಾಗದಲ್ಲಿ ಎದೆಯುಬ್ಬಿಸಿ ಕುಳಿತ, ಪ್ರತಿಮಾ ಆ ಸೀರೆಯುಟ್ಟು ನಗುತ್ತಿದ್ದಳು, ನನಗೆ ಅಷ್ಟು ಸಾಕಿತ್ತು. ಊಟವಾದ ಮೇಲೆ ಭಾವಂದಿರಿಬ್ಬರೂ ಚಪ್ಪರದ ಮೂಲೆಯಲ್ಲಿ ತಲೆಗೆ ತಲೆ ತಾಗಿಸಿ ಕುಳಿತು ಗಂಭೀರವಾಗಿ ಏನೋ ಬರೆಯುತ್ತಿದ್ದರು. ಪೇಟೆಂಟಿನ ಅರ್ಜಿಯಲ್ಲಿ ‘ಈ ಹಿಂದಿನ ವ್ಯವಸ್ಥೆಯ ಕೊರತೆಗಳು’ ಎಂದು ಒಂದು ಭಾಗ ಉಂಟಂತೆ. ಅದನ್ನು ಎಷ್ಟು ವಿವರವಾಗಿ ಬರೆದರೆ ಅಷ್ಟು ಒಳ್ಳೆಯದಂತೆ. ಜಾಗ ಸಾಲದೆ ಬೇರೆ ಹಾಳೆ ಕೇಳಲು ಇವರು ಒಮ್ಮೆ ಒಳಗೂ ಬಂದು ಹೋದರು. ಹುಡುಗನ ತಾಯಿ ನನ್ನ ಪಕ್ಕದಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದರು. “ಭಾವಂದಿರು ಇಷ್ಟು ಒಗ್ಗಟ್ಟಿನಲ್ಲಿರುವುದು ಈಗಿನ ಕಾಲದಲ್ಲಿ ಎಲ್ಲಿ ಉಂಟು ಹೇಳಿ! ಯಾವ ವಿಷಯ ಅಷ್ಟು ಮಾತಾಡ್ತಿದ್ದಾರೆ?” ಎಂದು ಕೇಳಿದರು. ನಾನು ಹೇಳಿದೆ. ಆದರೆ ಎಷ್ಟು ಮೆಲ್ಲನೆ ಹೇಳಿದೆನೆಂದರೆ, ಪಾಪ, ಅವರಿಗೆ ಕೇಳಿಸಲೇ ಇಲ್ಲ.